ಕಡಿಮೆ ಬೆಲೆಯ ಗಟ್ಟಿಮುಟ್ಟಾದ ಜೋಡಿನಳಿಕೆ ಬಂದೂಕು: ನೋಡಿ, ಅಲುಗಿಸಿ, ಅಳೆದು ಕೊಳ್ಳುವ ಬಗೆ

ಕಲಘಟಗಿ, ಶಿಗ್ಗಾವಿ, ಹಾನಗಲ್ಲ ಭಾಗದಲ್ಲಿ ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಕಾಟ ಶುರುವಾಗುತ್ತದೆ, ಅದರ ಜೊತೆಗೇ ಬಂದೂಕಿನ ಮಾತೂ ಬರುತ್ತದೆ. ಅಜ್ಜನ ಕಾಲದ ಬಂದೂಕನ್ನು ಹೆಸರಿಗೆ ಮಾಡಿಸಿಕೊಳ್ಳುವವರು, ಹೊಸ ಪರವಾನಗಿ ಸಿಕ್ಕವರು, ಹೊಲದ ಮನೆಯಲ್ಲಿ ಒಂಟಿಯಾಗಿ ಇರುವವರು ಎಲ್ಲರೂ ಕೊನೆಗೆ ಬಂದು ನಿಲ್ಲುವುದು 12 ಬೋರಿನ (ಬೋರು ಎಂದರೆ ನಳಿಕೆಯ ಒಳವ್ಯಾಸದ ಅಳತೆ) ಜೋಡಿನಳಿಕೆ ಬಂದೂಕಿಗೇ. ಪರವಾನಗಿಯ ಕಾಗದದಲ್ಲಿ ಇದನ್ನು ಡಿಬಿಬಿಎಲ್ (ಡಬಲ್ ಬ್ಯಾರೆಲ್ ಬ್ರೀಚ್ ಲೋಡಿಂಗ್, ಎಂದರೆ ಹಿಂಬದಿಯಿಂದ ತೋಟಾ ತುಂಬುವ ಜೋಡಿನಳಿಕೆ) ಎಂದು ಬರೆಯುತ್ತಾರೆ. ಅಂಗಡಿಗೆ ಹೋದವರು ಹೆಚ್ಚಾಗಿ ನೋಡುವುದು ಕೆತ್ತನೆಯನ್ನು, ಹೊಳಪನ್ನು ಮತ್ತು ಹೆಸರನ್ನು. ಬಂದೂಕು ಬಾಳುವುದಕ್ಕೂ ಈ ಮೂರಕ್ಕೂ ಸಂಬಂಧ ತೀರಾ ಕಡಿಮೆ. ನಳಿಕೆ ನೆಟ್ಟಗಿರಬೇಕು, ನಳಿಕೆಯೂ ಆ್ಯಕ್ಷನ್ನೂ (ಟ್ರಿಗರ್ ಮತ್ತು ಗುಂಡು ಹಾರಿಸುವ ಯಂತ್ರ ಇರುವ ಲೋಹದ ನಡುಭಾಗ) ಕೂಡುವ ಜಾಗ ಬಿಗಿಯಾಗಿರಬೇಕು, ಕಾಗದ ಸ್ವಚ್ಛವಾಗಿರಬೇಕು. ಉಳಿದದ್ದನ್ನೆಲ್ಲ ಆಮೇಲೆ ಸರಿಪಡಿಸಿಕೊಳ್ಳಬಹುದು.

ಬೆಳೆ ಕಾಯುವುದೊಂದೇ ಉದ್ದೇಶವಾಗಿದ್ದರೆ ಮೊದಲು ಸೌರ ಬೇಲಿಯ ಲೆಕ್ಕ ಹಾಕಿ, ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಸಿಗುವ ಪರಿಹಾರವನ್ನೂ ವಿಚಾರಿಸಿ. ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ಹಂದಿಗೆ ಗುಂಡು ಹಾರಿಸುವ ಹಕ್ಕು ಬರುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಹೊಲಕ್ಕೆ ಇಳಿಯುವ ಕೃಷ್ಣಮೃಗ ಮತ್ತು ನವಿಲು ಒಂದನೇ ಅನುಸೂಚಿಯ ಪ್ರಾಣಿಗಳು. ಎಷ್ಟೇ ಬೆಳೆ ತಿಂದರೂ ಅವುಗಳತ್ತ ಬಂದೂಕು ಎತ್ತುವ ಮಾತೇ ಇಲ್ಲ.

ಮೊದಲ ಹೆಜ್ಜೆ: ಪರವಾನಗಿಯಲ್ಲಿ ಏನು ಬರೆದಿದೆ ಎಂದು ಓದುವುದು

ಹಣ ಕೊಡುವ ಮೊದಲು ಈ ಕೆಲಸ ಮುಗಿಯಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಮೊದಲು ಹೇಳುವುದು ನಳಿಕೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ಬಂದೂಕಿಗೆ ಒಪ್ಪಿಗೆ ಸಿಗುತ್ತದೆ. ಆದ್ದರಿಂದ ನಿಮ್ಮ ಪರವಾನಗಿಯಲ್ಲಿ ಯಾವ ಬಗೆಯ ಬಂದೂಕು, ಎಷ್ಟು ಬೋರು, ಒಂದು ನಳಿಕೆಯೋ ಎರಡೋ ಎಂಬುದನ್ನು ಅಕ್ಷರ ಬಿಡದೆ ಓದಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಹೆಚ್ಚೆಂದರೆ ಎರಡು ಬಂದೂಕು ಇಟ್ಟುಕೊಳ್ಳಬಹುದು, ಪರವಾನಗಿಯ ಅವಧಿ ಐದು ವರ್ಷ. ಹುಬ್ಬಳ್ಳಿ–ಧಾರವಾಡ ನಗರ ವ್ಯಾಪ್ತಿಯವರು ಪೊಲೀಸ್ ಆಯುಕ್ತರ ಕಚೇರಿಯಲ್ಲಿ, ಹಳ್ಳಿಗಳವರು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ಶಾಖೆಯಲ್ಲಿ ವಿಚಾರಿಸಬೇಕು.

ಗದಗ ಮತ್ತು ಹಾವೇರಿ ಜಿಲ್ಲೆಯವರಿಗೆ ಇನ್ನೊಂದು ತೊಡಕಿದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ವಾರ್ಡನ್ ಅವರ ಪೂರ್ವಸಮ್ಮತಿ ಬೇಕು ಎಂದು ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಊರುಗಳು, 2019ರಲ್ಲಿ ಅಭಯಾರಣ್ಯವೆಂದು ಘೋಷಣೆಯಾದ ಕಪ್ಪತಗುಡ್ಡದ ಅಂಚಿನ ಊರುಗಳು ಈ ಲೆಕ್ಕಕ್ಕೆ ಬರುತ್ತವೆ. ಅಭಯಾರಣ್ಯ ಘೋಷಣೆಗಿಂತ ಮೊದಲೇ ಪರವಾನಗಿ ಇದ್ದವರೂ ವಾರ್ಡನ್ ಕಚೇರಿಯಲ್ಲಿ ತಮ್ಮ ಹೆಸರು ನೋಂದಾಯಿಸಬೇಕು. ಮುಂಡರಗಿ, ಶಿರಹಟ್ಟಿ ಕಡೆಯವರು ಬಂದೂಕು ನೋಡಲು ಹೋಗುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಎಲ್ಲಿಂದ ಕೊಳ್ಳುವುದು

ದಾರಿ ಮೂರು: ಪರವಾನಗಿ ಇರುವ ಅಂಗಡಿ, ಪರವಾನಗಿ ಇರುವ ಇನ್ನೊಬ್ಬ ವ್ಯಕ್ತಿ, ಮನೆಯ ಹಿರಿಯರು.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಹಿರಿಯರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಈ ಅವಕಾಶ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಬಂದೂಕು ಠಾಣೆಯ ಕೋಣೆಯಲ್ಲಿ ತುಕ್ಕು ಹಿಡಿಯುತ್ತದೆ, ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಅಜ್ಜ ಗಟ್ಟಿಯಾಗಿರುವಾಗಲೇ ಅರ್ಜಿ ಹಾಕಿಸಿ.

ಖಾಸಗಿಯವರಿಂದ ಕೊಳ್ಳುವಾಗ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಕೊಳ್ಳುವವರ ಹೆಸರು, ವಿಳಾಸ ಸಹಿತ ಲಿಖಿತ ಮಾಹಿತಿ ಕೊಡಬೇಕು. ಅದಾಗಿ 45 ದಿನ ಕಳೆಯುವವರೆಗೆ ಬಂದೂಕು ಕೈ ಬದಲಾಯಿಸುವಂತಿಲ್ಲ. ‘ಇವತ್ತೇ ತೆಗೆದುಕೊಂಡು ಹೋಗಿ, ಕಾಗದ ಆಮೇಲೆ ನೋಡೋಣ’ ಎನ್ನುವವರ ಮನೆಯಲ್ಲಿ ಚಹಾ ಕುಡಿಯುವುದಕ್ಕೂ ಕೂರಬೇಡಿ. ಕೊಡಗಿನಿಂದ ಬಂದ ಬಂದೂಕು ಎಂದು ಯಾರಾದರೂ ತೋರಿಸಿದರೆ ಇನ್ನೂ ಎಚ್ಚರ ಬೇಕು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ಅದು 2029ರವರೆಗೆ ಮುಂದುವರಿದಿದೆ. ಆದರೆ ವಿನಾಯಿತಿ ಇರುವುದು ಆ ಜನರಿಗೆ, ಬಂದೂಕಿಗಲ್ಲ.

ಅಂಗಡಿಯ ಹಳೆಯ ಬಂದೂಕುಗಳಲ್ಲಿ ಮೂರು ಬಗೆ ಸಿಗುತ್ತವೆ. ಸರ್ಕಾರಿ ಶಸ್ತ್ರಾಸ್ತ್ರ (ಆರ್ಡನನ್ಸ್) ಕಾರ್ಖಾನೆಗಳದ್ದು ಒಂದು. ಮುಂಗೇರ್, ಜಮ್ಮು ಮುಂತಾದ ಕಡೆಯ ಪರವಾನಗಿ ಪಡೆದ ಖಾಸಗಿ ಕಾರ್ಖಾನೆಗಳದ್ದು ಇನ್ನೊಂದು. ಬರ್ಮಿಂಗ್‌ಹ್ಯಾಮ್, ಬೆಲ್ಜಿಯಂ, ಸ್ಪೇನ್‌ಗಳಿಂದ ಹಿಂದೆ ಬಂದವು ಮೂರನೆಯದು. 1980ರ ದಶಕದಿಂದ ಸಾಮಾನ್ಯ ಜನರಿಗಾಗಿ ವಿದೇಶಿ ಬಂದೂಕು ತರಿಸುವುದು ನಿಂತುಹೋಗಿದೆ, ಆದ್ದರಿಂದ ಹಳೆಯ ವಿದೇಶಿ ಬಂದೂಕಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಬೆಲೆ ಹೇಳುತ್ತಾರೆ. ಗ್ರೀನರ್, ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಗಳ ಸಾದಾ ಬಂದೂಕುಗಳೂ ಒಳ್ಳೆಯ ಕೆಲಸದವೇ. ಆದರೆ ಸವೆದ ಗ್ರೀನರ್‌ಗಿಂತ ಬಿಗಿಯಾಗಿರುವ ದೇಶೀ ಬಂದೂಕು ಮೇಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಯಾವ ಮಾದರಿ

ಇದನ್ನು ಬೇಗ ತೀರ್ಮಾನಿಸಬಹುದು. ಕಡಿಮೆ ಹಣಕ್ಕೆ ಹೆಚ್ಚು ಬಾಳಿಕೆ ಬೇಕೆಂದರೆ ಬಾಕ್ಸ್‌ಲಾಕ್, ಎರಡು ಟ್ರಿಗರ್, ಇಜೆಕ್ಟರ್ ಇಲ್ಲದ್ದು. ಬಾಕ್ಸ್‌ಲಾಕ್ ಎಂದರೆ ಗುಂಡು ಹಾರಿಸುವ ಯಂತ್ರವೆಲ್ಲ ಆ್ಯಕ್ಷನ್‌ನ ಒಳಗೇ ಕೂರುವ, 1875ರಲ್ಲಿ ಆ್ಯನ್ಸನ್ ಮತ್ತು ಡೀಲಿ ಪೇಟೆಂಟ್ ಪಡೆದ ವಿನ್ಯಾಸ. ಅದರಲ್ಲಿ ಬಿಡಿಭಾಗಗಳು ಕಡಿಮೆ, ನುರಿತ ಗನ್‌ಸ್ಮಿತ್ (ಬಂದೂಕು ದುರಸ್ತಿ ಮಾಡುವವರು) ಅದರ ಸ್ಪ್ರಿಂಗನ್ನೂ ತೋಟಾದ ಹಿಂಬದಿಗೆ ಬಡಿಯುವ ಹೊಡೆಮೊಳೆಯನ್ನೂ ಕೈಯಿಂದಲೇ ಮಾಡಿಕೊಡಬಲ್ಲರು. ಯಂತ್ರ ಪಕ್ಕದ ತಗಡುಗಳ ಮೇಲೆ ಕೂರುವ ಸೈಡ್‌ಲಾಕ್ ನೋಡಲು ಚೆಂದ, ಆದರೆ ಅಗ್ಗದ ಸೈಡ್‌ಲಾಕ್ ಒಳ್ಳೆಯದಿರುವುದು ಅಪರೂಪ. ಸುಟ್ಟ ತೋಟಾವನ್ನು ತಾನೇ ಹೊರಗೆಸೆಯುವ ಇಜೆಕ್ಟರ್‌ನ ಸೌಕರ್ಯಕ್ಕೆ ಹೆಚ್ಚು ಹಣ ಕೊಡಬೇಕು, ದುರಸ್ತಿಗೂ ಹೆಚ್ಚು ಕೊಡಬೇಕು. ಒಂದೇ ಟ್ರಿಗರ್‌ನ ಅಗ್ಗದ ಬಂದೂಕು ಬೇಡವೇ ಬೇಡ, ಅದರ ಒಳಗಿನ ಯಂತ್ರ ಸೂಕ್ಷ್ಮ. ಎರಡು ಟ್ರಿಗರ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ನಳಿಕೆ ಕೈಯಲ್ಲಿರುತ್ತದೆ. ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಕೆಯದ್ದು, ಹಿಂದಿನದು ಎಡ ನಳಿಕೆಯದ್ದು.

ಹೊರಗೆ ಕುದುರೆ (ಹೊಡೆಮೊಳೆಗೆ ಬಡಿಯುವ ಸುತ್ತಿಗೆ) ಇರುವ ಹಳೆಯ ಬಂದೂಕುಗಳು ಇನ್ನೂ ಅಗ್ಗಕ್ಕೆ ಸಿಗುತ್ತವೆ. ಹೊಸಬರಿಗೆ ನಾನು ಅವನ್ನು ಹೇಳುವುದಿಲ್ಲ. ಎಳೆದ ಕುದುರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸುವಾಗ ಬೆರಳು ಜಾರಿದರೆ ಗುಂಡು ಹಾರುತ್ತದೆ.

ನಳಿಕೆ: ಇಲ್ಲಿ ಆತುರ ಬೇಡ

ಮೊದಲು ಬಂದೂಕನ್ನು ತೆರೆದು ಎರಡೂ ನಳಿಕೆ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಮಾರುವವರು ಈಗಷ್ಟೇ ನೋಡಿದ್ದರೂ ನೀವೂ ನೋಡಿ.

ಫೋರ್‌ಎಂಡ್ ಎನ್ನುವ ಮುಂದಿನ ಕಟ್ಟಿಗೆಯನ್ನು ಬಿಚ್ಚಿ ನಳಿಕೆಗಳನ್ನು ಬೇರ್ಪಡಿಸಿ. ಕೆಳಗಿನ ಕೊಕ್ಕೆಗೆ ಬೆರಳು ಸಿಕ್ಕಿಸಿ ನೇತಾಡಿಸಿ, ಉಗುರಿನಿಂದ ತಟ್ಟಿ. ಬೆಸುಗೆ ಗಟ್ಟಿಯಾಗಿದ್ದರೆ ಸದ್ದು ಸ್ಪಷ್ಟವಾಗಿ ಅನುರಣಿಸುತ್ತದೆ. ಮಂಕಾಗಿ, ಗರಗರ ಎಂದು ಬಂದರೆ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ. ಪಟ್ಟಿಯ ಅಂಚಿನಲ್ಲಿ ಎಣ್ಣೆ ಒಸರುತ್ತಿದ್ದರೂ ಅದೇ ಅರ್ಥ. ಈ ಬೆಸುಗೆ ಸಾಮಾನ್ಯವಾಗಿ ತವರ ಮತ್ತು ಸೀಸದ್ದು. ನಳಿಕೆಗೆ ಹೊಸದಾಗಿ ಕಪ್ಪು ಬಣ್ಣ ಕಟ್ಟಿಸಿದ್ದಾರೆ ಎಂದರೆ ಹೇಗೆ ಕಟ್ಟಿಸಿದರು ಎಂದು ಕೇಳಿ. ಕುದಿಯುವ ಕ್ಷಾರದ ದ್ರಾವಣದಲ್ಲಿ ಅದ್ದಿ ತೆಗೆಯುವ ವಿಧಾನ ಈ ಬೆಸುಗೆಯನ್ನೇ ತಿನ್ನುತ್ತದೆ. ಜೋಡಿನಳಿಕೆಗೆ ಸಲ್ಲುವುದು ನಿಧಾನವಾಗಿ ತುಕ್ಕು ಬರಿಸಿ ಉಜ್ಜುತ್ತ ಬಣ್ಣ ಕಟ್ಟುವ ಹಳೆಯ ವಿಧಾನ.

ಈಗ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ತುದಿಗಳಿಂದ ನೋಡಿ. ಒಳಗೆ ಬೆಳಕಿನ ಉಂಗುರಗಳು ಒಂದರ ಹಿಂದೆ ಒಂದು ಸಮನಾಗಿ ಕಾಣಬೇಕು. ಉಂಗುರ ಒಂದೆಡೆ ಒಳಗೆ ತಗ್ಗಿದ್ದರೆ ಅದು ಹೊರಗಿನ ಪೆಟ್ಟು, ಗನ್‌ಸ್ಮಿತ್ ಸರಿಪಡಿಸಬಲ್ಲರು. ಸುತ್ತಲೂ ಕಪ್ಪು ಬಳೆಯ ಹಾಗೆ ಕಂಡರೆ ಅದು ಉಬ್ಬು: ಹಿಂದೊಮ್ಮೆ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದ್ದಾರೆ. ಅಂಥ ಬಂದೂಕನ್ನು ಬಿಟ್ಟು ಹೊರಡಿ. ಸಣ್ಣ ಚುಕ್ಕೆಗಳಂಥ ತುಕ್ಕಿನ ಗುರುತು ನಮ್ಮ ಮಳೆಗಾಲ ಕಂಡ ಬಹುತೇಕ ಬಂದೂಕುಗಳಲ್ಲಿ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಉಗುರಿಗೆ ತಗಲುವಷ್ಟು ಆಳದ ಗುಳಿಗಳು, ಅದರಲ್ಲೂ ತೋಟಾ ಕೂರುವ ಭಾಗದ ಹತ್ತಿರ ಇದ್ದರೆ, ಬೇಡ. ಹಳೆಯ ಬಂದೂಕಿನ ಒಳಗು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಅನುಮಾನಿಸಿ. ಗುಳಿ ಹೋಗಿಸಲು ಒಳಗಿನಿಂದ ಕೆರೆದಿರಬಹುದು, ಆಗ ನಳಿಕೆಯ ಗೋಡೆ ತೆಳುವಾಗುತ್ತದೆ. 12 ಬೋರಿನ ಪ್ರಮಾಣಿತ ಒಳವ್ಯಾಸ 0.729 ಇಂಚು, ಎಂದರೆ 18.5 ಮಿ.ಮೀ. ಗೋಡೆಯ ದಪ್ಪ ಎಲ್ಲಿಯೂ ಅರ್ಧ ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬುದು ಇಂಗ್ಲೆಂಡಿನ ಕಸುಬುದಾರರು ಪಾಲಿಸಿಕೊಂಡು ಬಂದ ಅಂದಾಜು. ಇದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು, ಉಪಕರಣ ಇರುವ ಗನ್‌ಸ್ಮಿತ್ ಅಳೆಯಬೇಕು.

ನಳಿಕೆಯ ಬಾಯಿಗೆ ಬನ್ನಿ. ಕತ್ತರಿಸದ ಜೋಡಿನಳಿಕೆಯಲ್ಲಿ ಎರಡು ಬಾಯಿಗಳೂ ಒಂದಕ್ಕೊಂದು ತಾಗಿದಂತಿರುತ್ತವೆ. ನಡುವೆ ಸಂದು ಇದ್ದು ಅದನ್ನು ಬೆಸುಗೆಯಿಂದ ತುಂಬಿದ್ದರೆ, ಯಾರೋ ತುದಿ ಕತ್ತರಿಸಿದ್ದಾರೆ. ಅಲ್ಲಿಗೆ ಚೋಕ್, ಎಂದರೆ ಛರ್ರೆ ಹೆಚ್ಚು ಹರಡದಂತೆ ಬಾಯಿಯನ್ನು ಕಿರಿದು ಮಾಡಿದ್ದು, ಹೋಯಿತು. ಪರವಾನಗಿ ಇಲ್ಲದೆ ನಳಿಕೆ ಗಿಡ್ಡ ಮಾಡುವುದು ಕಾನೂನಿನ ಪ್ರಕಾರ ಅಪರಾಧ ಕೂಡ.

ಮೇಲ್ಮೈಯಲ್ಲಿ ನೇಯ್ದಂಥ, ಸುರುಳಿ ಸುರುಳಿಯ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಕೆ. ಕರಿಮದ್ದಿನ ಕಾಲದ್ದು. ಗೋಡೆಗೆ ತೂಗುಹಾಕಲು ಚೆಂದ, ಇಂದಿನ ತೋಟಾ ಹಾಕಿ ಹಾರಿಸಲು ಅಲ್ಲ.

ತೋಟಾದ ಉದ್ದ ಬಹಳ ಜನ ಲಕ್ಷ್ಯ ಕೊಡದ ಸಂಗತಿ, ಆದರೆ ಎಲ್ಲಕ್ಕಿಂತ ಅಪಾಯದ್ದು ಇದೇ. ಹಳೆಯ ಇಂಗ್ಲಿಷ್ ಬಂದೂಕುಗಳ ಚೇಂಬರ್, ಎಂದರೆ ತೋಟಾ ಕೂರುವ ಭಾಗ, ಹೆಚ್ಚಾಗಿ ಎರಡೂವರೆ ಇಂಚು, ಎಂದರೆ 65 ಮಿ.ಮೀ. ಎರಡೂಮುಕ್ಕಾಲು ಇಂಚಿನ, ಎಂದರೆ 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ತೋಟಾಕ್ಕೆ ಬರೆದಿರುವ ಅಳತೆ ಅದರ ಬಾಯಿ ಬಿಚ್ಚಿಕೊಂಡ ಮೇಲಿನದು. ಗುಂಡು ಹಾರಿದಾಗ ಬಿಚ್ಚಿಕೊಳ್ಳುವ ಬಾಯಿಗೆ ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಹೊಂದಿತು ಎಂದಲ್ಲ. ನಳಿಕೆಯ ಕೆಳಗಿನ ಚಪ್ಪಟೆ ಭಾಗದಲ್ಲಿ ಪರೀಕ್ಷೆಯ ಮುದ್ರೆ ಮತ್ತು ಚೇಂಬರ್‌ನ ಅಳತೆ ಇರುತ್ತದೆ, ಅದನ್ನು ತೋಟಾದ ಪೆಟ್ಟಿಗೆಯ ಮೇಲಿನ ಅಳತೆಯೊಂದಿಗೆ ಹೋಲಿಸಿ. ಅಳತೆ ಅಳಿಸಿಹೋಗಿದ್ದರೆ ಗೇಜ್ ಹಾಕಿಸಿ. 70 ಮಿ.ಮೀ. ಚೇಂಬರ್ ಇರುವುದನ್ನೇ ಹುಡುಕಿದರೆ ಮುಂದಿನ ಚಿಂತೆ ಕಡಿಮೆ.

ಕೂಡುವ ಜಾಗ

ನಳಿಕೆಗಳನ್ನು ಮತ್ತೆ ಜೋಡಿಸಿ, ಫೋರ್‌ಎಂಡ್ ಮಾತ್ರ ಬಿಚ್ಚಿಡಿ. ಹಿಡಿಯ ಕಡೆ ಒಂದು ಕೈ, ನಳಿಕೆಯ ಕಡೆ ಒಂದು ಕೈ ಇಟ್ಟು ಮೆಲ್ಲಗೆ ಅಲುಗಿಸಿ. ಸವೆದ ಬಾಗಿಲಿನ ತಿರುಗಣಿಯಂತೆ ಕಟಕಟ ಎಂದರೆ ಸಂದು ಬಿದ್ದಿದೆ ಎಂದೇ ಅರ್ಥ. ಫೋರ್‌ಎಂಡ್ ಹಾಕಿಯೇ ಅಲುಗಿಸಿ ತೋರಿಸುವವರಿದ್ದಾರೆ. ಅದರ ಸ್ಪ್ರಿಂಗ್ ನಳಿಕೆಯನ್ನು ಒತ್ತಿ ಹಿಡಿದು ದೋಷ ಮುಚ್ಚುತ್ತದೆ. ಆಮೇಲೆ ಮುಚ್ಚಿದ ಬಂದೂಕನ್ನು ಬೆಳಕಿಗೆ ಅಡ್ಡ ಹಿಡಿದು ನಳಿಕೆಯ ಹಿಂಬದಿಗೂ ಆ್ಯಕ್ಷನ್‌ನ ಎದೆಗೂ ನಡುವೆ ಬೆಳಕು ಕಾಣುತ್ತದೆಯೇ ನೋಡಿ. ತೆಳುವಾದ ಕಾಗದದ ಚೂರೊಂದನ್ನು ಅಲ್ಲಿಟ್ಟು ಮುಚ್ಚಿ ಎಳೆಯಿರಿ. ಕಾಗದ ಸಲೀಸಾಗಿ ಜಾರಿ ಬಂದರೆ ಬಿಗಿ ಇಲ್ಲ.

ಬಂದೂಕು ತೆರೆಯಲು ತಿರುಗಿಸುವ ಮೇಲಿನ ಸನ್ನೆಕೋಲು ಮುಚ್ಚಿದಾಗ ಎಲ್ಲಿ ನಿಲ್ಲುತ್ತದೆ ಎಂದೂ ಗಮನಿಸಿ. ಹೊಸದರಲ್ಲಿ ಅದು ನಡುಗೆರೆಗಿಂತ ತುಸು ಬಲಕ್ಕೆ ನಿಲ್ಲುತ್ತದೆ, ಸವೆದಂತೆ ನಡುವಿಗೆ ಬರುತ್ತದೆ. ನಡು ದಾಟಿ ಎಡಕ್ಕೆ ಹೋಗಿದ್ದರೆ ಬೀಗದ ಪಟ್ಟಿ ತುಂಬ ಸವೆದಿದೆ.

ಈ ದೋಷವನ್ನು ಸರಿಪಡಿಸಬಹುದು. ಆದರೆ ಕೊಕ್ಕೆಯ ಮೇಲೆ ಸುತ್ತಿಗೆಯಿಂದ ಹೊಡೆದು ಲೋಹ ಉಬ್ಬಿಸಿ ಬಿಗಿ ಮಾಡುವುದು ಕೆಲವು ತೋಟಾ ಹಾರುವವರೆಗೆ ಮಾತ್ರ ಉಳಿಯುತ್ತದೆ. ಕೊಕ್ಕೆಯಲ್ಲಿ ಚುಚ್ಚಿದ ಗುರುತು, ಸುತ್ತಿಗೆಯ ಗುರುತು ಕಂಡರೆ ಅದನ್ನು ಮಾಡಿದ್ದಾರೆ ಎಂದೇ ತಿಳಿಯಿರಿ. ಸರಿಯಾದ ದುರಸ್ತಿ ಎಂದರೆ ತಿರುಗಣಿಯ ಕಂಬಿಯನ್ನೇ ದಪ್ಪದ್ದಕ್ಕೆ ಬದಲಿಸುವುದು ಅಥವಾ ಕೊಕ್ಕೆಗೆ ಬೆಸುಗೆಯಿಂದ ಲೋಹ ತುಂಬಿ ಮತ್ತೆ ಅರದಿಂದ ಕೂರಿಸುವುದು. ಅದರ ಕೂಲಿ ಸೇರಿಸಿದರೆ ಅಗ್ಗದ ಬಂದೂಕು ಅಗ್ಗವಾಗಿ ಉಳಿಯುವುದಿಲ್ಲ.

ಟ್ರಿಗರ್, ಸೇಫ್ಟಿ, ಕಟ್ಟಿಗೆ

ಮದ್ದಿಲ್ಲದ ಡಮ್ಮಿ ತೋಟಾ ಹಾಕದೆ ಟ್ರಿಗರ್ ಎಳೆಯಬೇಡಿ, ಹೊಡೆಮೊಳೆ ಮುರಿಯಬಹುದು. ಎರಡು ಡಮ್ಮಿ ಹಾಕಿ ಸೇಫ್ಟಿ ಹಿಂದಕ್ಕಿಟ್ಟು ಎರಡೂ ಟ್ರಿಗರ್‌ಗಳನ್ನು ಬಲವಾಗಿ ಎಳೆಯಿರಿ. ಏನೂ ಆಗಬಾರದು. ನಂತರ ಬೆರಳು ತೆಗೆದು ಸೇಫ್ಟಿಯನ್ನು ಮುಂದಕ್ಕೆ ತಳ್ಳಿ. ಆಗಲೂ ಏನೂ ಆಗಬಾರದು. ಆ ಕ್ಷಣದಲ್ಲಿ ಕಟ್ ಎಂದು ಒಳಗಿನ ಕುದುರೆ ಬಿದ್ದರೆ ಆ ಬಂದೂಕು ಜೀವ ತೆಗೆಯುತ್ತದೆ. ಸೇಫ್ಟಿ ಬಿಟ್ಟು ಬಂದೂಕಿನ ಹಿಂಬದಿಯನ್ನು ಅಂಗೈಯಿಂದ ತಟ್ಟಿ ನೋಡಿ, ಆಗಲೂ ಬೀಳಬಾರದು. ಟ್ರಿಗರ್‌ನ ಭಾರ ಸುಮಾರು ಒಂದೂವರೆಯಿಂದ ಎರಡು ಕೆ.ಜಿ. ಒಳಗಿದ್ದರೆ ಸರಿ, ಚಿಕ್ಕ ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಬಹುದು. ತೀರಾ ಹಗುರವಾಗಿದ್ದರೆ ಯಾರೋ ಒಳಗೆ ಅರ ಹಾಕಿದ್ದಾರೆ.

ಕಟ್ಟಿಗೆಯಲ್ಲಿ ನೋಡಬೇಕಾದ ಜಾಗ ಒಂದೇ: ಆ್ಯಕ್ಷನ್‌ನ ಹಿಂದೆ, ಮುಷ್ಟಿ ಹಿಡಿಯುವ ಸಣ್ಣ ಭಾಗ. ಬಿರುಕು ಹುಟ್ಟುವುದು ಅಲ್ಲೇ. ಎಣ್ಣೆ ಕುಡಿದು ಕಪ್ಪಾಗಿದ್ದರೆ ಕಟ್ಟಿಗೆ ಮೆತ್ತಗಾಗಿದೆ. ಇನ್ನು ಅಳತೆ: ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕಿಟ್ಟು, ಗಲ್ಲ ಊರಿ, ಕಣ್ಣು ತೆರೆಯಿರಿ. ನಡುಪಟ್ಟಿಯ ಉದ್ದಕ್ಕೂ ನೋಟ ನೇರವಾಗಿ ಓಡಬೇಕು. ಪಟ್ಟಿ ಪಕ್ಕಕ್ಕೆ ಕಂಡರೆ ಅಥವಾ ಕಾಣದೇ ಹೋದರೆ ಅದು ಬೇರೆಯವರ ಮೈಕಟ್ಟಿಗೆ ಮಾಡಿದ ಬಂದೂಕು. ತೂಕ ಮೂರು ಕೆ.ಜಿ. ಆಸುಪಾಸಿನಲ್ಲಿದ್ದರೆ ಹೊರಲೂ ಆಗುತ್ತದೆ, ಒದೆತವೂ ಸಹ್ಯವಾಗಿರುತ್ತದೆ.

ಚೋಕ್ ಮತ್ತು ಪರೀಕ್ಷೆ

ನಳಿಕೆಯ ಬಾಯಿ ಎಷ್ಟು ಕಿರಿದಾಗಿದೆ ಎಂಬುದೇ ಚೋಕ್. ಪೂರ್ಣ ಚೋಕ್ ಎಂದರೆ ಸುಮಾರು 0.040 ಇಂಚು ಕಿರಿದು, ಅರ್ಧ ಎಂದರೆ ಅದರ ಅರ್ಧ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಪೂರ್ಣ ಚೋಕ್ ಸುಮಾರು ನೂರಕ್ಕೆ 70 ಛರ್ರೆಗಳನ್ನು ಹಾಕುತ್ತದೆ, ಅರ್ಧ ಚೋಕ್ 60, ಚೋಕ್ ಇಲ್ಲದ ನಳಿಕೆ 40. ಹೊಲಮನೆಯ ಬಳಕೆಗೆ ಬಲಕ್ಕೆ ಸಡಿಲ ಚೋಕ್, ಎಡಕ್ಕೆ ಅರ್ಧ ಚೋಕ್ ಸಾಕು. ಎರಡೂ ಪೂರ್ಣ ಚೋಕ್ ಇರುವುದು ಹತ್ತಿರದ ಗುರಿಗೆ ಕಷ್ಟ.

ಅಂಗಡಿಯವರಿಗೆ ಅಥವಾ ರೈಫಲ್ ಕ್ಲಬ್ಬಿಗೆ ಅನುಮತಿ ಇರುವ ರೇಂಜ್ ಇದ್ದರೆ, ದೊಡ್ಡ ಹಾಳೆಯ ಮೇಲೆ ಎರಡೂ ನಳಿಕೆಗಳಿಂದ ಹಾರಿಸಿ ನೋಡಿ. ಎರಡರ ನಡುಬಿಂದು ಒಂದೇ ಜಾಗದಲ್ಲಿರಬೇಕು. ಒಂದು ನಳಿಕೆ ಒಂದೂವರೆ ಅಡಿ ಅತ್ತ ಹೊಡೆದರೆ ನಳಿಕೆಗಳನ್ನು ಸರಿಯಾಗಿ ಜೋಡಿಸಿಲ್ಲ, ಅದಕ್ಕೆ ಅಗ್ಗದ ಮದ್ದಿಲ್ಲ. ಸುಟ್ಟ ತೋಟಾದ ಹಿಂಬದಿಯನ್ನೂ ನೋಡಿ: ಹೊಡೆಮೊಳೆಯ ಗುರುತು ನಡುವಿಗೆ, ಆಳವಾಗಿ, ಅಂಚು ಹರಿಯದೆ ಬಿದ್ದಿರಬೇಕು. ಹಬ್ಬ, ಮದುವೆಯ ಮೆರವಣಿಗೆಯಲ್ಲಿ ‘ಒಮ್ಮೆ ಹಾರಿಸಿ ನೋಡೋಣ’ ಎನ್ನುವವರಿಗೆ ಮಣಿಯಬೇಡಿ. ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹಣ ಕೊಡುವ ಮುನ್ನ ಮತ್ತು ನಂತರ

ನಳಿಕೆ, ಆ್ಯಕ್ಷನ್, ಫೋರ್‌ಎಂಡ್‌ನ ಕಬ್ಬಿಣ, ಈ ಮೂರರ ಮೇಲೂ ಇರುವ ಸಂಖ್ಯೆ ಒಂದೇ ಆಗಿರಬೇಕು, ಕಾಗದದಲ್ಲಿರುವ ಸಂಖ್ಯೆಯೂ ಅದೇ ಆಗಿರಬೇಕು. ಒಂದು ಅಂಕಿ ಬೇರೆಯಾದರೂ ಮುಂದುವರಿಯಬೇಡಿ. ಗನ್‌ಸ್ಮಿತ್ ದೋಷ ಹೇಳಿದರೆ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಯವರಿಂದ ರಸೀದಿಯ ಮೇಲೆ ಬರೆಸಿಕೊಳ್ಳಿ. ಬಂದೂಕಿನ ಬೆಲೆಯ ಜೊತೆಗೆ ಕಬ್ಬಿಣದ ಪೆಟ್ಟಿಗೆ, ಬೀಗ, ಶುಚಿ ಮಾಡುವ ಸಾಮಾನು, ತೋಟಾ ಇವುಗಳ ಖರ್ಚನ್ನೂ ಮೊದಲೇ ತೆಗೆದಿಡಿ. ಪೆಟ್ಟಿಗೆಗೆ ಹಣ ಉಳಿಯದಿದ್ದರೆ ಇನ್ನೂ ಅಗ್ಗದ ಬಂದೂಕು ನೋಡಿ, ಪೆಟ್ಟಿಗೆ ಬಿಡಬೇಡಿ. ಮಕ್ಕಳಿರುವ ಮನೆಯಲ್ಲಿ ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಬೇಕು.

ಕೊಂಡ ಮೇಲೆ ಬಂದೂಕನ್ನು ಪರವಾನಗಿ ಕಚೇರಿಯಲ್ಲಿ ತೋರಿಸಿ ದಾಖಲು ಮಾಡಿಸಿ. ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲೇ ಇಟ್ಟುಬಿಡಬೇಡಿ, ಚೀಲ ತೇವ ಹಿಡಿದಿಟ್ಟು ಕೆಲವೇ ವಾರಗಳಲ್ಲಿ ನಳಿಕೆಗೆ ತುಕ್ಕು ತರಿಸುತ್ತದೆ. ಎಣ್ಣೆ ತೆಳುವಾಗಿ ಸವರಿ. ನಿಲ್ಲಿಸುವಾಗ ನಳಿಕೆಯ ಬಾಯಿ ಕೆಳಗಿದ್ದರೆ ಎಣ್ಣೆ ಹಿಡಿಯ ಕಟ್ಟಿಗೆಗೆ ಇಳಿಯುವುದಿಲ್ಲ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. ಒಪ್ಪಿಸುವ ಹಿಂದಿನ ದಿನ ನಳಿಕೆಯ ಒಳಗೂ ಹೊರಗೂ ಗ್ರೀಸ್ ಹಚ್ಚಿ, ಸಂಖ್ಯೆಯ ಚೀಟಿಯನ್ನು ಗಟ್ಟಿಯಾಗಿ ಕಟ್ಟಿ. ಕೊಡುವ ರಸೀದಿಯಲ್ಲಿ ಸಂಖ್ಯೆಯ ಜೊತೆಗೆ ‘ಕಟ್ಟಿಗೆ ಬಿರುಕಿಲ್ಲ, ನಳಿಕೆ ಪೆಟ್ಟಿಲ್ಲ’ ಎಂದೂ ಬರೆಸಿಕೊಳ್ಳಿ. ವಾಪಸು ಪಡೆಯುವಾಗ ಸಹಿ ಹಾಕುವ ಮೊದಲು ಅಲ್ಲೇ ತೆರೆದು, ಫೋರ್‌ಎಂಡ್ ಬಿಚ್ಚಿ, ಬೆಳಕಿಗೆ ಹಿಡಿದು ಒಮ್ಮೆ ನೋಡಿ.